ರೈಲು ಫ್ರೀ ಆದರೆ ಜೇಬುಗಳ್ಳರಿಗೆ ಹಬ್ಬವೇ?

ತುಮಕೂರು: "ಬಸ್ಸು ಫ್ರೀ ಮಾಡಿದ್ರು. ಇನ್ನು ರೈಲೂ ಫ್ರೀ ಮಾಡಿಬಿಟ್ರೆ ಕಳ್ಳಕಾಕರಿಗೆಲ್ಲ ಅದೇ ಮನೆ ಆಗುತ್ತೆ ಬಿಡಿ."

ಮಂಡಿಪೇಟೆಯ ಅಂಗಡಿ ಕಟ್ಟೆಗಳ ಮೇಲೆ, ಬಸ್‌ಸ್ಟ್ಯಾಂಡ್ ಹೋಟೆಲಿನ ಬೈಟು ಕಾಫಿಯ ಮುಂದೆ ಕೇಳಿಬರುವ ಮಾತಿದು. ರೈಲು ಫ್ರೀ ಎಂದು ಯಾರೂ ಆದೇಶ ಹೊರಡಿಸಿಲ್ಲ, ಆದರೂ ಮಾತು ನಿಂತಿಲ್ಲ. ನಿಲ್ಲದಿರುವುದಕ್ಕೆ ಕಾರಣವೂ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೇ ಹೆಂಗಸರ ಪುಕ್ಕಟೆ ಪ್ರಯಾಣದ ಲೆಕ್ಕ 500 ಕೋಟಿ ದಾಟಿತು. ಜೊತೆಗೆ 2024ರ ಜೂನ್‌ನಲ್ಲಿ ರೈಲ್ವೆ ರಾಜ್ಯ ಸಚಿವರಾದವರು ಇದೇ ಜಿಲ್ಲೆಯಿಂದ ಗೆದ್ದ ವಿ. ಸೋಮಣ್ಣನವರು. ಹಾಗಾಗಿ ತುಮಕೂರಿನ ಜನಕ್ಕೆ ರೈಲಿನ ವಿಷಯದಲ್ಲಿ ಆಸೆ ಸ್ವಲ್ಪ ಜಾಸ್ತಿಯೇ. ಆಸೆ ಇರುವ ಕಡೆ ಭಯವೂ ಇರುತ್ತದೆ.

ಈ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟಿ ಯಶವಂತಪುರಕ್ಕೆ ಹೋಗಿ, ಸಂಜೆ ಅದೇ ದಾರಿಯಲ್ಲಿ ತೂಕಡಿಸುತ್ತಾ ವಾಪಸ್ಸು ಬರುವ ಜನ ಸಾವಿರಾರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಫೀಸು ಗುಮಾಸ್ತರು, ಕಾಲೇಜು ಹುಡುಗರು. ಬೆಂಗಳೂರಿನ ಚಿಕ್ಕಪೇಟೆಗೆ ಬಟ್ಟೆ ಖರೀದಿಗೆ ಹೊರಟ ವ್ಯಾಪಾರಿ ಒಳಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂರುತ್ತಾನೆ. ತಿಂಗಳ ಪಾಸಿಗೆ ಕೊಡುವ ದುಡ್ಡು ಉಳಿದರೆ ಇವರಿಗೆಲ್ಲ ಸಂತೋಷವೇ. ಆದರೆ ಉಳಿದ ದುಡ್ಡು ಮತ್ತೊಬ್ಬನ ಜೇಬು ಸೇರುವುದಾದರೆ ಆ ಉಳಿತಾಯ ಯಾರಿಗೆ ಬೇಕು?

ಹಾಗಾದರೆ ಫ್ರೀ ಪ್ರಯಾಣದಿಂದ ಕಳ್ಳತನ, ಪುಂಡಾಟ ಹೆಚ್ಚುತ್ತದೆಯೇ?

ಜೇಬುಗಳ್ಳನ ಲೆಕ್ಕ

ಮೊದಲು ಕಳ್ಳನ ಕಡೆಯಿಂದಲೇ ಲೆಕ್ಕ ಹಾಕೋಣ. ಆರ್ಡಿನರಿ ರೈಲಿನ ಕನಿಷ್ಠ ಟಿಕೆಟ್ ದರ ಕೊರೊನಾ ಕಾಲದಲ್ಲಿ 30 ರೂಪಾಯಿಗೆ ಏರಿತ್ತು, 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ಒಂದು ಮೊಬೈಲ್ ಹೊಡೆದರೆ ಸಾವಿರಾರು ರೂಪಾಯಿ ಕೈಗೆ ಬರುವ ದಂಧೆಯಲ್ಲಿ ಹತ್ತು ರೂಪಾಯಿಗೆ ಹೆದರಿ ಮನೆಯಲ್ಲಿ ಕೂರುವ ಕಳ್ಳ ಯಾರು? ಕಸುಬು ಬಲ್ಲ ಜೇಬುಗಳ್ಳ ಎಲ್ಲರಿಗಿಂತ ಮೊದಲು ಟಿಕೆಟ್ ತಗೋತಾನೆ. ಜುಜುಬಿ ಟಿಕೆಟ್ಟಿಗಾಗಿ ಟಿ.ಸಿ. ಕೈಗೆ ಸಿಕ್ಕಿ, ಹೆಸರು ವಿಳಾಸ ಬರೆಸಿಕೊಂಡು, ನಾಲ್ಕು ಜನರ ಕಣ್ಣಿಗೆ ಬೀಳುವ ದಡ್ಡತನ ಅವನಿಗೆ ಬೇಡ. ದೂರದ ರೈಲುಗಳಲ್ಲಿ ಬಿಸ್ಕತ್ತು, ಟೀ ಕೊಟ್ಟು ಪ್ರಜ್ಞೆ ತಪ್ಪಿಸಿ ದೋಚುವ ಖದೀಮರೂ ಹಾಗೆಯೇ. ಟಿಕೆಟ್ ಪಡೆದು, ಪಕ್ಕದ ಸೀಟಿನಲ್ಲಿ ಸಭ್ಯಸ್ಥನಂತೆ ಕೂತು, ಊರು ಕೇರಿ ವಿಚಾರಿಸಿದ ಮೇಲೆಯೇ ಅವರ ಕೈಚಳಕ.

ದೆಹಲಿ ಮೆಟ್ರೋದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ಗೇಟು ದಾಟದೆ ಪ್ಲಾಟ್‌ಫಾರ್ಮಿಗೆ ಕಾಲಿಡುವಂತಿಲ್ಲ, ಗೇಟಿಗೆ ಮುಂಚೆ ಸಿ.ಐ.ಎಸ್.ಎಫ್. ತಪಾಸಣೆ. ಹಾಗಿದ್ದೂ 2010ರ ದಶಕದಲ್ಲಿ ಅದೇ ಸಿ.ಐ.ಎಸ್.ಎಫ್. ವರ್ಷ ವರ್ಷ ಜೇಬುಗಳ್ಳರನ್ನು ಹಿಡಿಯುತ್ತಲೇ ಇತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಗುಂಪು ಕಟ್ಟಿಕೊಂಡು ಬರುತ್ತಿದ್ದವರು. ಅವರನ್ನು ಟಿಕೆಟ್ಟೂ ತಡೆಯಲಿಲ್ಲ, ಗೇಟೂ ತಡೆಯಲಿಲ್ಲ.

ಇನ್ನೊಂದು ಮಾತು. ಜನರಲ್ ಬೋಗಿ ಈಗಲೇ ಅರ್ಧ ಫ್ರೀ. ಬೆಳಗಿನ ರಶ್ಶಿನಲ್ಲಿ ಅಲ್ಲಿ ಟಿ.ಸಿ. ಮುಖ ಕಂಡವರು ಅಪರೂಪ. ಬಂದರೂ ಬಾಗಿಲಲ್ಲಿ ಜೋತುಬಿದ್ದವರನ್ನು ದಾಟಿ ಒಳಗೆ ಹೋಗುವುದು ಹೇಗೆ? ಸಣ್ಣ ಸ್ಟೇಷನ್‌ಗಳಿಗೆ ಗೇಟೂ ಇಲ್ಲ, ಗೋಡೆಯೂ ಇಲ್ಲ. ಹಳಿ ದಾಟಿದರೆ ಊರು. ಮರ್ಯಾದಸ್ಥ ದುಡ್ಡು ಕೊಟ್ಟು ಹತ್ತುತ್ತಾನೆ, ಭಂಡ ಸುಮ್ಮನೆ ಹತ್ತುತ್ತಾನೆ. ಟಿಕೆಟ್ ಎಂಬುದು ಪೋಕರಿಗಳನ್ನು ಹೊರಗಿಡುವ ಬೇಲಿ ಎನ್ನುವವರು ಈ ಬೇಲಿಯಲ್ಲಿ ಎಷ್ಟು ಕಂಡಿಗಳಿವೆ ಎಂದು ಒಮ್ಮೆ ನೋಡಬೇಕು.

ಎರಡು ಹೆಣಗಳು

ಇಷ್ಟು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ 2024ರಲ್ಲಿ ನಡೆದ ಎರಡು ಘಟನೆಗಳನ್ನು ಬದಿಗಿಟ್ಟು ಈ ವಿಷಯ ಮಾತಾಡಲು ಬರುವುದಿಲ್ಲ.

ಆ ವರ್ಷ ಏಪ್ರಿಲ್ 2ರಂದು ಎರ್ನಾಕುಲಂನಿಂದ ಪಾಟ್ನಾಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲಿನಲ್ಲಿ ಟಿಕೆಟ್ ಇಲ್ಲದ ಪ್ರಯಾಣಿಕನೊಬ್ಬನನ್ನು ಟಿ.ಟಿ.ಇ. ಪ್ರಶ್ನಿಸಿದರು. ಕೇರಳದ ತ್ರಿಶೂರು ಬಳಿ ಆ ಮನುಷ್ಯ ಅವರನ್ನು ಓಡುವ ರೈಲಿನಿಂದ ಹೊರಕ್ಕೆ ತಳ್ಳಿದ. ಟಿ.ಟಿ.ಇ. ಸತ್ತರು. ತಿಂಗಳೂವರೆ ಕಳೆದಿರಲಿಲ್ಲ, ಮೇ 16ರಂದು ಕರ್ನಾಟಕದಲ್ಲೇ, ಬೆಳಗಾವಿ ಜಿಲ್ಲೆಯ ಲೋಂಡಾ–ಖಾನಾಪುರ ನಡುವೆ, ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ಮತ್ತೊಂದು. ಟಿಕೆಟ್ ತೋರಿಸು ಅಂದದ್ದಕ್ಕೆ ಚಾಕು ತೆಗೆದವನ ಕೈಯಲ್ಲಿ ಟಿ.ಟಿ.ಇ. ಸೇರಿ ಹಲವರಿಗೆ ಇರಿತವಾಯಿತು. ರೈಲಿನ ಸಹಾಯಕ ಕೆಲಸದ ಹುಡುಗನೊಬ್ಬ ಪ್ರಾಣ ಬಿಟ್ಟ.

ಈ ಎರಡು ಹೆಣಗಳನ್ನು ಮುಂದಿಟ್ಟುಕೊಂಡು ಎರಡು ಕಡೆಯವರೂ ವಾದ ಮಾಡಬಹುದು. ಒಬ್ಬರು ಹೇಳುತ್ತಾರೆ: ನೋಡಿ, ಟಿಕೆಟ್ ಇಲ್ಲದೆ ಹತ್ತುವವರು ಎಂಥವರು ಅಂತ. ಎಲ್ಲರನ್ನೂ ಪುಕ್ಕಟೆ ಹತ್ತಿಸಿದರೆ ಇಂಥವರನ್ನು ಕರೆದು ಕೂರಿಸಿದ ಹಾಗೆ. ಇನ್ನೊಬ್ಬರು ಹೇಳುತ್ತಾರೆ: ಜಗಳ ಹುಟ್ಟಿದ್ದೇ ಟಿಕೆಟ್ಟಿನಿಂದ. ಕೇಳುವವರೇ ಇಲ್ಲದಿದ್ದರೆ ತಳ್ಳುವುದು, ಇರಿಯುವುದು ಯಾಕೆ ಬರುತ್ತಿತ್ತು?

ಎರಡೂ ಅರ್ಧ ಸತ್ಯ. ಜೇಬಿನಲ್ಲಿ ಚಾಕು ಇಟ್ಟುಕೊಂಡು ರೈಲು ಹತ್ತಿದವನು ಟಿಕೆಟ್ ಕೇಳದಿದ್ದರೆ ಸಾಧುವಾಗಿ ಊರು ಸೇರುತ್ತಿದ್ದ ಎಂದು ನಂಬುವುದು ಕಷ್ಟ. ಸೀಟಿಗಾಗಿ ಇನ್ನೊಬ್ಬನ ಮೇಲೆ ಬೀಳುತ್ತಿದ್ದನೋ ಏನೋ. ಟಿ.ಟಿ.ಇ. ಬಂದು ಎದುರು ನಿಂತದ್ದು, ಇಡೀ ಪ್ರಯಾಣದಲ್ಲಿ ಕೋಟು ತೊಟ್ಟ ಸರ್ಕಾರಿ ಮನುಷ್ಯನೊಬ್ಬ ಅವನ ಮುಖ ನೋಡಿದ ಒಂದೇ ಗಳಿಗೆ. ಆ ಗಳಿಗೆಯಲ್ಲಿ ಟಿ.ಟಿ.ಇ. ಪಕ್ಕದಲ್ಲಿ ಪೊಲೀಸಿನವನು ಇದ್ದಿದ್ದರೆ? ಕೈಯಲ್ಲಿ ಚಾರ್ಟು ಮಾತ್ರ ಹಿಡಿದು ರಾತ್ರಿ ಹೊತ್ತು ಬೋಗಿಯಿಂದ ಬೋಗಿಗೆ ಓಡಾಡುವ ನೌಕರನಿಂದ ಪೊಲೀಸ್ ಕೆಲಸ ನಿರೀಕ್ಷಿಸುವುದು ಅನ್ಯಾಯ.

ಟಿಕೆಟ್ ಜಗಳ ಬಸ್ಸನ್ನೂ ಬಿಟ್ಟಿಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಬಳಿ ಕಂಡಕ್ಟರ್ ಮೇಲೆ ನಡೆದ ಹಲ್ಲೆ ನೆನಪಿರಬಹುದು. ಹುಡುಗಿಯೊಬ್ಬಳು ಎರಡು ಟಿಕೆಟ್ ಕೇಳಿದಳು, ಜೊತೆಗಿದ್ದವನು ಹುಡುಗ, ಅವನಿಗೆ ಫ್ರೀ ಇಲ್ಲ. ಅಲ್ಲಿಂದ ಶುರುವಾದ ಮಾತು ಕನ್ನಡ–ಮರಾಠಿಗೆ ತಿರುಗಿತು, ಎರಡು ರಾಜ್ಯಗಳ ನಡುವೆ ಬಸ್ ಸಂಚಾರವೇ ನಿಲ್ಲುವವರೆಗೂ ಬೆಳೆಯಿತು. ಭಾಷೆಯ ಬೆಂಕಿ ಬೇರೆ ವಿಷಯ. ಆದರೆ ಮೊದಲ ಕಿಡಿ ಹಾರಿದ್ದು ಯಾರಿಗೆ ಫ್ರೀ, ಯಾರಿಗೆ ಇಲ್ಲ ಎಂಬ ಜಾಗದಲ್ಲಿ. ಅರ್ಧ ಜನಕ್ಕೆ ಫ್ರೀ, ಅರ್ಧ ಜನಕ್ಕೆ ಇಲ್ಲ ಅನ್ನುವ ವ್ಯವಸ್ಥೆಯಲ್ಲಿ ಆ ಗೆರೆ ಕಾಯುವ ಕೆಲಸ ಕಂಡಕ್ಟರನ ತಲೆಗೆ ಬೀಳುತ್ತದೆ.

ಫ್ರೀ ಮಾಡಿದ ಊರುಗಳಲ್ಲಿ

ಇಲ್ಲಿ ರೈಲು ಫ್ರೀ ಆಗಿಲ್ಲ ಅಂದ ಮೇಲೆ, ಆದ ಕಡೆ ಏನಾಯ್ತು ಎಂದು ನೋಡುವುದೇ ದಾರಿ.

ಯೂರೋಪಿನಲ್ಲಿ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ ಇದೆ. ನಮ್ಮ ಒಂದು ಜಿಲ್ಲೆಯ ಜನಸಂಖ್ಯೆಯೂ ಇಲ್ಲ ಅಲ್ಲಿ, ಏಳು ಲಕ್ಷದ ಒಳಗೆ. 2020ರ ಮಾರ್ಚ್ 1ಕ್ಕೆ ಆ ದೇಶ ರೈಲು, ಟ್ರಾಮು, ಬಸ್ಸು ಮೂರನ್ನೂ ಎಲ್ಲರಿಗೂ ಫ್ರೀ ಮಾಡಿತು. ಹೊರಗಿನಿಂದ ಬಂದವರಿಗೂ ಫ್ರೀ. ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು. ವರ್ಷಗಳು ಕಳೆದರೂ ಆ ದೇಶ ಯೋಜನೆ ವಾಪಸ್ಸು ಪಡೆಯಲಿಲ್ಲ. ಅದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಟಿಕೆಟ್ ಇಲ್ಲವಾದರೂ ರೈಲಿನ ನೌಕರರನ್ನು ಅವರು ಮನೆಗೆ ಕಳಿಸಲಿಲ್ಲ. ಬೋಗಿಯಲ್ಲಿ ಓಡಾಡುವ ಸಿಬ್ಬಂದಿ ಓಡಾಡುತ್ತಲೇ ಇದ್ದಾರೆ. ದುಡ್ಡು ವಸೂಲಿ ಹೋಯಿತು, ಕಣ್ಣಿಡುವ ಮನುಷ್ಯ ಉಳಿದ.

ಇನ್ನು ಜರ್ಮನಿ. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ತಿಂಗಳು, ತಿಂಗಳಿಗೆ ಬರೀ 9 ಯೂರೋ ಕೊಟ್ಟರೆ ದೇಶದ ಸ್ಥಳೀಯ ರೈಲುಗಳಲ್ಲೆಲ್ಲ ಎಷ್ಟು ಬೇಕಾದರೂ ಓಡಾಡಬಹುದಿತ್ತು. ಪೂರ್ತಿ ಫ್ರೀ ಅಲ್ಲ, ಆದರೆ ಹತ್ತಿರ ಹತ್ತಿರ. ಐದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಆ ದೇಶದ ಉತ್ತರಕ್ಕೆ ಸಿಲ್ಟ್ ಎಂಬ ದ್ವೀಪ ಇದೆ, ಕೋಟ್ಯಧಿಪತಿಗಳು ಬೇಸಿಗೆ ಕಳೆಯುವ ಜಾಗ, ರೈಲು ಅಲ್ಲಿಗೂ ಹೋಗುತ್ತದೆ. ಬಡವರೆಲ್ಲ ದಂಡೆತ್ತಿ ಬರ್ತಾರೆ ಎಂದು ಮೊದಲೇ ಗುಲ್ಲೆದ್ದಿತ್ತು. ಗುಲ್ಲು ಕೇಳಿಯೇ ತಲೆಗೂದಲಿಗೆ ಬಣ್ಣ ಬಳಿದ ಪಂಕ್ ಹುಡುಗರು ನಿಜವಾಗಿಯೂ ಬಂದು, ಊರ ನಡುವೆ ಠಿಕಾಣಿ ಹೂಡಿ, ಬಿಯರ್ ಕುಡಿದು ಗದ್ದಲ ಎಬ್ಬಿಸಿದರು. ಅಂಗಡಿಯವರಿಗೆ ಕಿರಿಕಿರಿ. ಸಾಹುಕಾರರಿಗೆ ನಿದ್ದೆಯಿಲ್ಲ. ಕೊಲೆ ಸುಲಿಗೆಯ ಊರಾಯಿತೆಂದು ಯಾರೂ ಹೇಳಲಿಲ್ಲ. ಆದರೆ ಅಂಗಡಿ ಬಾಗಿಲಲ್ಲಿ ಕುಡಿದು ಮಲಗುವವರು ಬಂದರೆ ವ್ಯಾಪಾರ ಕೆಡುತ್ತದೆ, ಅದು ಸಿಲ್ಟ್ ದ್ವೀಪದಲ್ಲಾದರೂ ಅಷ್ಟೆ, ತುಮಕೂರಿನ ಸ್ಟೇಷನ್ ರಸ್ತೆಯಲ್ಲಾದರೂ ಅಷ್ಟೆ.

ಫ್ರೀ ಬೇಡ ಎನ್ನುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅಮೆರಿಕದ್ದು. ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1989ರ ಅಕ್ಟೋಬರ್‌ನಿಂದ 1990ರ ಕೊನೆವರೆಗೆ ಬಸ್ಸುಗಳನ್ನು ಫ್ರೀ ಬಿಟ್ಟರು. ಜನವೇನೋ ತುಂಬಿದರು. ಜೊತೆಗೆ ಕುಡುಕರು, ಕೆಲಸವಿಲ್ಲದೆ ಇಡೀ ದಿನ ಸುತ್ತುವವರು, ದಾಂಧಲೆ ಹುಡುಗರೂ ತುಂಬಿದರು. ಕೊನೆಗೆ ಡ್ರೈವರುಗಳೇ ಈ ಫ್ರೀ ಸಾಕಪ್ಪಾ ಸಾಕು ಅಂದರು. 2002ರಲ್ಲಿ ಫ್ಲಾರಿಡಾದ ಸಾರಿಗೆ ಸಂಶೋಧಕರು ಇಂಥ ಅನುಭವಗಳನ್ನೆಲ್ಲ ಒಟ್ಟುಮಾಡಿ, ಸಣ್ಣ ಊರುಗಳಿಗೆ ಫ್ರೀ ಸರಿ, ದೊಡ್ಡ ನಗರಗಳಿಗೆ ತರವಲ್ಲ ಎಂದು ವರದಿ ಬರೆದರು.

ಅದೇ ಅಮೆರಿಕದಲ್ಲಿ ಉಲ್ಟಾ ಸಾಕ್ಷಿಯೂ ಇದೆ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಒಂದು ವರ್ಷ ಐದು ಬಸ್ ಮಾರ್ಗಗಳನ್ನು ಫ್ರೀ ಮಾಡಿ ನೋಡಿತು. ಆ ಬಸ್ಸುಗಳಲ್ಲಿ ಡ್ರೈವರ್ ಮೇಲಿನ ಹಲ್ಲೆಗಳು ಶೇ. 39ರಷ್ಟು ಕಡಿಮೆಯಾದವು. ದುಡ್ಡು ಕೇಳುವುದಿಲ್ಲ, ಹಾಗಾಗಿ ಜಗಳ ಇಲ್ಲ. ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸ್. ಅಲ್ಲಿನ ಮೆಟ್ರೋ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಂದು ವರ್ಷದಲ್ಲಿ ರೈಲು ಬಸ್ಸುಗಳಲ್ಲಿ ಹೊಡೆದಾಟ, ಹಿಂಸೆ ನಡೆಸಿದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಟಿಕೆಟ್ ಇಲ್ಲದವರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಊರಿನಲ್ಲಿ ಟಿಕೆಟ್ ಇತ್ತು, ದರ ಇತ್ತು, ಎಲ್ಲ ಇತ್ತು. ಹಾಗಿದ್ದೂ ಅವರು ಒಳಗೆ ಬಂದಿದ್ದರು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದಿಷ್ಟು. ಅಪರಾಧ ಬೇರೆ, ಕಿರಿಕಿರಿ ಬೇರೆ. ಕತ್ತಿಗೆ ಕೈ ಹಾಕುವವನು ದರ ನೋಡಿ ಬರುವವನಲ್ಲ. ಆದರೆ ಹೊತ್ತು ಕಳೆಯಲು ಬರುವವನು, ಕುಡಿದು ತೂರಾಡುವವನು, ಕ್ಲಾಸಿಗೆ ಚಕ್ಕರ್ ಹಾಕಿ ಸೀಟಿಯೂದುವ ಪಡ್ಡೆ ಹುಡುಗ, ಇವರ ಸಂಖ್ಯೆ ಫ್ರೀ ಆದರೆ ಸ್ವಲ್ಪ ಹೆಚ್ಚುವುದು ಖಂಡಿತ. ಮಲಗಲು ಜಾಗ ಇಲ್ಲದ ಮುದುಕನೂ ಬಂದು ಮೂಲೆಯಲ್ಲಿ ಮುದುರಿ ಮಲಗಬಹುದು. ಅವನನ್ನು ಪುಂಡರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ಬಡವ ಕಂಡರೆ ಕಳ್ಳ ಎನ್ನುವ ಚಾಳಿ ನಮ್ಮ ಜನಕ್ಕೆ ಬೇಗ ಅಂಟುತ್ತದೆ.

ನೂಕುನುಗ್ಗಲಿನ ಪಾಠ

ಪರದೇಶ ಬಿಡಿ, ಶಕ್ತಿ ಯೋಜನೆಯ ಪಾಠ ಮನೆ ಬಾಗಿಲಲ್ಲೇ ಇದೆ. ಶುರುವಿನ ವಾರಗಳಲ್ಲಿ ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದದ್ದು, ಜುಟ್ಟು ಹಿಡಿದು ಜಗಳವಾಡಿದ್ದು ಎಲ್ಲರೂ ಮೊಬೈಲಿನಲ್ಲಿ ನೋಡಿ ನಕ್ಕದ್ದೇ. ನಗುವ ವಿಷಯವಲ್ಲದ್ದು ಇನ್ನೊಂದಿತ್ತು. ಬಸ್ ಹತ್ತುವ ನೂಕಾಟದಲ್ಲಿ ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು ಮಾಂಗಲ್ಯದ ಸರ ಹೊಡೆದ ದೂರುಗಳು ಊರೂರ ಠಾಣೆಗಳಲ್ಲಿ ಬಂದವು. ಕದ್ದವರಿಗೆ ಬೇಕಾಗಿದ್ದದ್ದು ಆ ನೂಕಾಟವೇ. ಜಾತ್ರೆಯಲ್ಲಿ ತೇರು ಎಳೆಯುವಾಗ, ಸಿನಿಮಾ ಟಾಕೀಸಿನ ಕ್ಯೂನಲ್ಲಿ, ದಸರಾ ಮೆರವಣಿಗೆಯಲ್ಲಿ ಅವರು ಹಿಂದಿನಿಂದಲೂ ಮಾಡಿಕೊಂಡು ಬಂದ ಕಸುಬು.

ಗುಂಪು ಹೆಚ್ಚಾಗಿ, ಗಾಡಿ ಅಷ್ಟೇ ಇದ್ದರೆ ಏನಾಗುತ್ತದೆ ಎಂಬುದನ್ನು ರೈಲ್ವೆಯೇ ತೋರಿಸಿದೆ. 2025ರ ಫೆಬ್ರವರಿಯಲ್ಲಿ ಕುಂಭಮೇಳಕ್ಕೆ ಹೊರಟ ಜನ ಬಿಹಾರದ ಮಧುಬನಿ ಸ್ಟೇಷನ್ನಿನಲ್ಲಿ ಒಳಗೆ ಹತ್ತಲಾಗದೆ ಎ.ಸಿ. ಬೋಗಿಯ ಗಾಜುಗಳನ್ನೇ ಒಡೆದರು. ಅದೇ ತಿಂಗಳ 15ರ ರಾತ್ರಿ ನವದೆಹಲಿ ಸ್ಟೇಷನ್ನಿನ ಕಾಲ್ತುಳಿತದಲ್ಲಿ 18 ಜನ ಸತ್ತರು. ಅಲ್ಲಿ ಯಾರೂ ರೈಲು ಫ್ರೀ ಮಾಡಿರಲಿಲ್ಲ. ಗಾಜು ಒಡೆದವರೂ ಪೂಜೆಗೆ ಹೊರಟವರೇ ಹೊರತು ರೌಡಿಗಳಲ್ಲ.

ಹಾಗಾಗಿ ತುಮಕೂರು–ಬೆಂಗಳೂರು ನಡುವೆ ರೈಲು ಫ್ರೀ ಮಾಡಿ, ಬೋಗಿ ಮಾತ್ರ ಇದ್ದಷ್ಟೇ ಇಟ್ಟರೆ, ಮಂಡಿಪೇಟೆಯವರ ಭಯ ನಿಜವಾಗುತ್ತದೆ. ಬಸ್ಸಿನಲ್ಲಿ ಹೋಗುವ ಗಂಡಸರೂ ರೈಲಿಗೆ ನುಗ್ಗುತ್ತಾರೆ. ಹಗಲು ನೂಕಾಟದಲ್ಲಿ ಜೇಬುಗಳ್ಳ, ರಾತ್ರಿ ಖಾಲಿ ಬೋಗಿಯಲ್ಲಿ ಕುಡುಕ. ಈ ಇಬ್ಬರಿಗೂ ಒಂದೇ ಔಷಧಿ ಸಾಲದು. ಮೊದಲನೆಯವನಿಗೆ ಹೆಚ್ಚು ಬೋಗಿ ಬೇಕು, ಎರಡನೆಯವನಿಗೆ ಪೊಲೀಸು ಬೇಕು.

ದುಡ್ಡು ಯಾರದ್ದು, ಲಾಠಿ ಯಾರದ್ದು?

ದುಡ್ಡಿನ ಮಾತು ಬಾರದೆ ಇರುವುದಿಲ್ಲ. ಪ್ರಯಾಣಿಕರನ್ನು ಸಾಗಿಸಲು 100 ರೂಪಾಯಿ ಖರ್ಚಾದರೆ ಟಿಕೆಟ್ಟಿನಿಂದ ಬರುವುದು 54 ರೂಪಾಯಿ, ಉಳಿದದ್ದು ಸಬ್ಸಿಡಿ ಎಂದು 2024ರ ಡಿಸೆಂಬರ್‌ನಲ್ಲಿ ರೈಲ್ವೆ ಸಚಿವರು ಸಂಸತ್ತಿನಲ್ಲಿ ಹೇಳಿದ್ದರು. ಆ ಸಬ್ಸಿಡಿ ವರ್ಷಕ್ಕೆ 56,993 ಕೋಟಿ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನೇ ಕಿತ್ತುಕೊಂಡ ಇಲಾಖೆ ಎಲ್ಲರಿಗೂ ಫ್ರೀ ಕೊಡುತ್ತದೆ ಎಂದು ನಂಬಲು ದೊಡ್ಡ ಮನಸ್ಸು ಬೇಕು. ಕೊಟ್ಟರೂ ಮೊದಲು ಕತ್ತರಿ ಬೀಳುವುದು ಸಿಬ್ಬಂದಿಯ ಮೇಲೆ. "ಟಿಕೆಟ್ಟೇ ಇಲ್ಲ, ಟಿ.ಸಿ. ಯಾಕೆ?" ಎಂದು ಒಂದು ಸುತ್ತೋಲೆ ಬಂದರೆ ಆಯಿತು. ಫ್ರೀ ರೈಲಿನಲ್ಲಿ ನಿಜವಾಗಿ ಹೆದರಬೇಕಾದದ್ದು ಆ ಸುತ್ತೋಲೆಗೆ.

ಇಲ್ಲಿ ಶಕ್ತಿ ಯೋಜನೆಯ ಒಂದು ಒಳ್ಳೆಯ ಪದ್ಧತಿಯನ್ನು ಹೇಳಲೇಬೇಕು. ಹೆಂಗಸರಿಗೆ ದುಡ್ಡಿಲ್ಲ, ಆದರೂ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಕಂಡಕ್ಟರ್ ಪ್ರತಿಯೊಬ್ಬರ ಹತ್ತಿರ ಹೋಗಲೇಬೇಕು, ಎಲ್ಲಿಗೆ ಎಂದು ಕೇಳಲೇಬೇಕು. ಗೊಣಗುತ್ತಲೇ ಹೋದರೂ ಹೋಗುತ್ತಾನೆ. ಸ್ಪೇನ್ ದೇಶ 2022ರ ಸೆಪ್ಟೆಂಬರ್‌ನಿಂದ ಸ್ಥಳೀಯ ರೈಲುಗಳ ಪಾಸನ್ನು ಫ್ರೀ ಮಾಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಾಸಿಗೆ 10 ಅಥವಾ 20 ಯೂರೋ ಠೇವಣಿ ಕಟ್ಟಬೇಕು, ನಾಲ್ಕು ತಿಂಗಳಲ್ಲಿ 16 ಸಲವಾದರೂ ಪ್ರಯಾಣ ಮಾಡಿದರೆ ಠೇವಣಿ ವಾಪಸ್ಸು. ದಿನಾ ಓಡಾಡುವವನಿಗೆ ನಷ್ಟವಿಲ್ಲ. ಸುಮ್ಮನೆ ಸುತ್ತಲು ಬರುವವನ ಹೆಸರು, ಗುರುತು ದಾಖಲೆಯಲ್ಲಿ ಇರುತ್ತದೆ. ಆ ಯೋಜನೆ 2025ರ ಮಧ್ಯದವರೆಗೆ ನಡೆಯಿತು.

ಕೊನೆಗೆ ಲಾಠಿಯ ಮಾತು. ರೈಲಿನಲ್ಲಿ ಪೊಲೀಸರು ಎರಡು ಬಗೆ ಎಂಬುದು ದಿನಾ ಓಡಾಡುವವರಿಗೂ ಸರಿಯಾಗಿ ಗೊತ್ತಿಲ್ಲ. ಆರ್.ಪಿ.ಎಫ್. ಕೇಂದ್ರದ್ದು, ರೈಲ್ವೆ ಆಸ್ತಿ ಮತ್ತು ಪ್ರಯಾಣಿಕರ ರಕ್ಷಣೆ ಅದರ ಕೆಲಸ. ಕಳ್ಳತನ, ಹೊಡೆದಾಟದ ಕೇಸು ದಾಖಲಿಸಿ ತನಿಖೆ ಮಾಡುವುದು ರಾಜ್ಯದ ರೈಲ್ವೆ ಪೊಲೀಸು. ಅದರ ಖರ್ಚು ರಾಜ್ಯ ಸರ್ಕಾರಕ್ಕೂ ರೈಲ್ವೆಗೂ ಅರ್ಧರ್ಧ. ಸರ ಹೋದವಳು ಒಬ್ಬರ ಹತ್ತಿರ ಹೋದರೆ ಇನ್ನೊಬ್ಬರ ಕಡೆ ಕೈ ತೋರಿಸುವುದು ಇದರಿಂದಲೇ. 139ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತದೆ, ಆದರೆ ದೊಡ್ಡಬೆಲೆಗೂ ಮುದ್ದಲಿಂಗನಹಳ್ಳಿಗೂ ನಡುವೆ ಕತ್ತಲಲ್ಲಿ ಓಡುವ ಬೋಗಿಗೆ ಫೋನು ಹತ್ತಿ ಬರುವುದಿಲ್ಲ.

ರೈಲು ಫ್ರೀ ಮಾಡಿ ಎಂದು ಮನವಿ ಬರೆಯುವವರು ಅದೇ ಹಾಳೆಯಲ್ಲಿ ಇನ್ನೆರಡು ಸಾಲು ಸೇರಿಸಬಹುದು: ಬೆಳಗಿನ ರೈಲಿಗೆ ಹೆಚ್ಚು ಬೋಗಿ, ರಾತ್ರಿ ರೈಲಿನ ಮಹಿಳಾ ಬೋಗಿಗೆ ದಿನಾ ಒಬ್ಬ ಪೊಲೀಸು. ಖರ್ಚು ಅರ್ಧರ್ಧ ಆದ್ದರಿಂದ ಒಂದು ಪ್ರತಿ ದೆಹಲಿಯ ರೈಲು ಭವನಕ್ಕೆ ಹೋಗಲಿ, ಇನ್ನೊಂದು ವಿಧಾನಸೌಧಕ್ಕೆ.